ಅನುಮತಿಗಾಗಿ ಕಾದು ನಿಂತ ವಾಸುದೇವ

ಹನ್ನೆರಡನೆಯ ತರಗತಿಯ ಫಲಿತಾಂಶ ಪ್ರಕಟವಾಗುವ ಬೇಸಿಗೆಯ ದಿನಗಳಲ್ಲಿ ನಮ್ಮ ಶಾಖಾಮಠಕ್ಕೆ ಬರುವ ಗೃಹಸ್ಥರ ಮುಖದಲ್ಲಿ ಒಂದು ಬಗೆಯ ಚಿಂತೆ ಎದ್ದು ಕಾಣುತ್ತದೆ. ತೀರ್ಥಪ್ರಸಾದವಾದ ಮೇಲೆ ಕುಳಿತು ಆಡುವ ಮಾತುಗಳೆಲ್ಲ ಮಕ್ಕಳ ಅಂಕ, ಪ್ರವೇಶಪರೀಕ್ಷೆ, ಕಾಲೇಜುಗಳ ವಿಷಯವೇ ಆಗಿರುತ್ತವೆ. ಉಡುಪಿ, ಧಾರವಾಡ, ರಾಯಚೂರು, ಬೆಂಗಳೂರುಗಳಿಂದ ಉದ್ಯೋಗಾರ್ಥವಾಗಿ ಬಂದು ಅಹಮದಾಬಾದ್, ವಡೋದರಾ, ಸೂರತ್ತುಗಳಲ್ಲಿ ನೆಲೆಸಿದ ನಮ್ಮವರಲ್ಲಿ ಅನೇಕರಿಗೆ ಊರಿನಲ್ಲಿ ಹೊಲಮನೆಗಳ ಆಸರೆಯಿಲ್ಲ. ಮಕ್ಕಳ ವಿದ್ಯೆಯೇ ಅವರ ಆಸ್ತಿ. ಆದಕಾರಣ ಆ ಚಿಂತೆಯನ್ನು ಹಗುರವಾಗಿ ಕಾಣುವುದು ಸಲ್ಲದು.

ಕಳೆದ ಬೇಸಿಗೆಯಲ್ಲಿ ಬಹುಕಾಲದ ಪರಿಚಯದ ಗೃಹಸ್ಥರೊಬ್ಬರು ನಮ್ಮನ್ನು ಬದಿಗೆ ಕರೆದು ತಮ್ಮ ಸಂಕಟವನ್ನು ಹೇಳಿಕೊಂಡರು. ಮಗನು ಎಂಜಿನಿಯರಿಂಗ್ ಓದಬೇಕೆಂದು ಅವರು ಎರಡು ವರ್ಷ ದುಬಾರಿ ಶುಲ್ಕ ತೆತ್ತು ಪಾಠಕ್ಕೆ ಕಳುಹಿಸಿದ್ದರು. ಆ ಹುಡುಗನಾದರೋ ತಂದೆಗೆ ತಿಳಿಯದಂತೆ ವಡೋದರೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆಯನ್ನು ಅಭ್ಯಸಿಸಲು ಅರ್ಜಿ ಹಾಕಿದ್ದನು. ವಿಷಯವು ತಂದೆಗೆ ತಿಳಿದುದು ಮೂರನೆಯವರಿಂದ. ನಾವು ಹುಡುಗನಿಗೆ ನಾಲ್ಕು ಬುದ್ಧಿಮಾತು ಹೇಳಿ ದಾರಿಗೆ ತರಬೇಕೆಂದು ಅವರ ಅಪೇಕ್ಷೆ. ಮರುದಿನ ಹುಡುಗನೂ ಒಬ್ಬನೇ ಬಂದನು. ತಂದೆಗೆ ನಾವು ಬುದ್ಧಿ ಹೇಳಬೇಕೆಂದು ಅವನ ಅಪೇಕ್ಷೆ!

ಇಬ್ಬರಿಗೂ ನಾವು ಬೇರೆ ಏನನ್ನೂ ಹೇಳದೆ, ಸುಮಧ್ವವಿಜಯದ ಮೊದಲ ನಾಲ್ಕು ಸರ್ಗಗಳ ಕಥೆಯನ್ನು ಒಮ್ಮೆ ನಿಧಾನವಾಗಿ ಓದಿಕೊಂಡು ಬರಬೇಕೆಂದು ಹೇಳಿ ಕಳುಹಿಸಿದೆವು. ಮಧ್ವನವಮಿಯಂದು, ವಿಜಯದಶಮಿಯಂದು ನಾವು ಅದೆಷ್ಟೋ ಬಾರಿ ಕೇಳಿದ ಕಥೆಯೇ ಅದು. ಕೇಳುವಾಗ ಪವಾಡಗಳ ಕಡೆಗೆ ಹರಿಯುವ ನಮ್ಮ ಮನಸ್ಸು, ಒಂದು ಮನೆಯ ತಂದೆ, ತಾಯಿ, ಮಗ ಮೂವರ ನಡುವೆ ಅಲ್ಲಿ ನಡೆದ ವ್ಯವಹಾರದ ಕಡೆಗೆ ಹರಿಯುವುದಿಲ್ಲ. ಆ ವ್ಯವಹಾರವನ್ನೇ ಮುಖ್ಯವಾಗಿರಿಸಿಕೊಂಡು ಶ್ರೀಮದಾಚಾರ್ಯರ ಚರಿತೆಯನ್ನು ಇಲ್ಲಿ ಸ್ಮರಿಸಲು ಯತ್ನಿಸುತ್ತೇವೆ. ಆಚಾರ್ಯರ ಸಾಕ್ಷಾತ್ ಶಿಷ್ಯರಾದ ತ್ರಿವಿಕ್ರಮಪಂಡಿತಾಚಾರ್ಯರ ಪುತ್ರರು ನಾರಾಯಣಪಂಡಿತಾಚಾರ್ಯರು. ಅವರು ಹದಿನಾರು ಸರ್ಗಗಳಲ್ಲಿ ರಚಿಸಿದ ಮಹಾಕಾವ್ಯವೇ ನಮಗೆ ಮುಖ್ಯ ಆಧಾರ.

ಉಡುಪಿಗೆ ಸುಮಾರು 12 ಕಿಲೋಮೀಟರ್ ದೂರದಲ್ಲಿ, ಕುಂಜಾರುಗಿರಿಯ ಬುಡದಲ್ಲಿ ಪಾಜಕವೆಂಬ ಕ್ಷೇತ್ರವಿದೆ. ಅಲ್ಲಿ ನಡಿಲ್ಲಾಯರೆಂಬ ಮನೆತನ. ಈ ತುಳು ಹೆಸರನ್ನೇ ಕವಿಯು ಸಂಸ್ಕೃತದಲ್ಲಿ ಮಧ್ಯಗೇಹವೆಂದು ಕರೆದನು. ಆ ಮನೆಯ ಭಟ್ಟರು ಭಾರತ ಪುರಾಣಗಳನ್ನು ಜನರಿಗೆ ಅರ್ಥವಾಗುವಂತೆ ಹೇಳುವುದರಲ್ಲಿ ಹೆಸರಾದವರು. ಅವರ ಪತ್ನಿ ಸಂಪ್ರದಾಯದಲ್ಲಿ ವೇದವತಿಯೆಂದು ಪ್ರಸಿದ್ಧಳಾದ ಸಾಧ್ವಿ. ಸಿರಿವಂತಿಕೆಯ ಮನೆಯಲ್ಲ; ವಿದ್ಯೆ, ಆಚಾರ, ಸ್ವಲ್ಪ ಭೂಮಿ, ಇಷ್ಟೇ. ಆ ದಂಪತಿಗಳಿಗೆ ಹುಟ್ಟಿದ ಇಬ್ಬರು ಗಂಡುಮಕ್ಕಳು ತೀರಿಕೊಂಡರು, ಉಳಿದವಳು ಮಗಳೊಬ್ಬಳು. ಪುತ್ರಾಪೇಕ್ಷೆಯಿಂದ ಭಟ್ಟರು ಉಡುಪಿಯ ಅನಂತೇಶ್ವರನ ಸನ್ನಿಧಿಯಲ್ಲಿ ಒಂದು ದಿನವಲ್ಲ, ಒಂದು ತಿಂಗಳಲ್ಲ, 12 ವರ್ಷ ವ್ರತನಿಷ್ಠರಾಗಿ ಸೇವೆ ಮಾಡಿದರು. ಆ ಸೇವೆಯ ಫಲವಾಗಿ ಹುಟ್ಟಿದ ಮಗುವಿಗೆ ವಾಸುದೇವನೆಂದು ನಾಮಕರಣವಾಯಿತು. ಸಾಮಾನ್ಯವಾಗಿ ಒಪ್ಪಿರುವ ಲೆಕ್ಕದಂತೆ ಅದು 1238ನೆಯ ಇಸವಿ.

ಈ 12 ವರ್ಷಗಳನ್ನೂ, ಆ ಮೊದಲು ಹೋದ ಎರಡು ಮಕ್ಕಳನ್ನೂ ವಾಚಕರು ಮರೆಯಬಾರದು. ಮುಂದೆ ಈ ತಂದೆಯು ಮಗನ ಹಾದಿಗೆ ಅಡ್ಡವಾಗಿ ನಿಂತುದನ್ನು ಓದುವಾಗ, ಆತನು ಅಜ್ಞಾನಿಯೆಂದೋ ಮೋಹಾಂಧನೆಂದೋ ಎಣಿಸಿಬಿಡುವುದು ಸುಲಭ. ಎರಡು ಸಲ ಮಡಿಲು ಬರಿದಾದ ಮನೆಯಲ್ಲಿ ಮೂರನೆಯ ಮಗನನ್ನು ಹಿಡಿದುಕೊಂಡ ಕೈಗಳು ಎಷ್ಟು ಬಿಗಿಯಾಗಿದ್ದವೆಂಬುದನ್ನು ಬಲ್ಲವರೇ ಬಲ್ಲರು.

ಮಗುವಿನ ಬಾಲ್ಯವು ತಂದೆತಾಯಿಗಳನ್ನು ಹೆಮ್ಮೆಪಡಿಸುತ್ತಲೂ ಹೆದರಿಸುತ್ತಲೂ ಸಾಗಿತು. ಅಕ್ಕನು ನೋಡಿಕೊಳ್ಳುತ್ತಿದ್ದಾಗ ಎತ್ತುಗಳಿಗೆಂದು ಬೇಯಿಸಿದ ಹುರುಳಿಯನ್ನು ಹೊಟ್ಟೆತುಂಬ ತಿಂದು ಜೀರ್ಣಿಸಿಕೊಂಡ ಮಗು, ಮನೆಯ ಹೋರಿಯ ಬಾಲ ಹಿಡಿದು ದಿನವಿಡೀ ಕಾಡಿನಲ್ಲಿ ಅಲೆದು ಸಂಜೆ ನಗುತ್ತ ಮರಳಿತು. ಅದೇ ಹೋರಿಯ ಬೆಲೆಯ ಸಾಲ ತೀರಿರಲಿಲ್ಲ. ಸಾಲಗಾರನು ಬಂದು ಹಣ ಕೊಡದೆ ಏಳುವುದಿಲ್ಲವೆಂದು ಮನೆಯಲ್ಲಿ ಕುಳಿತಾಗ ಭಟ್ಟರು ದಿಕ್ಕುತೋಚದೆ ನಿಂತರು. ಬಾಲಕ ವಾಸುದೇವನು ಒಂದು ಹಿಡಿ ಹುಣಿಸೆಬೀಜವನ್ನು ಅವನ ಕೈಗಿತ್ತನು. ಆತನು ಅದನ್ನೇ ಸಾಲದ ಸಂದಾಯವೆಂದು ಭಾವಿಸಿ ಸಂತುಷ್ಟನಾಗಿ ಹೊರಟುಹೋದನು. ಬಳಿಕ ಭಟ್ಟರು ಹಣ ಕೊಡಹೋದರೂ ಮುಟ್ಟಲಿಲ್ಲ. ಭಕ್ತರು ಇದನ್ನು ಮಹಿಮೆಯೆಂದು ಕೊಂಡಾಡುತ್ತಾರೆ, ಅದು ಸರಿಯೇ. ತಂದೆಯ ಋಣದ ಭಾರವನ್ನು ಎಳೆಯ ಮಗುವು ತನ್ನದೆಂದು ತಿಳಿದುದನ್ನೂ ನಾವು ಗಮನಿಸಬೇಕು. ಈ ಸ್ವಭಾವವೇ ಮುಂದೆ ದೊಡ್ಡ ಸಂದರ್ಭವೊಂದರಲ್ಲಿ ಕಾಣಿಸಿಕೊಳ್ಳುತ್ತದೆ.

ಮತ್ತೊಮ್ಮೆ ಬಂಧುಗಳ ಮನೆಯ ಉತ್ಸವಕ್ಕೆ ಕರೆದೊಯ್ದಾಗ ಬಾಲಕನು ಯಾರಿಗೂ ಹೇಳದೆ ಹೊರಟು, ದಾರಿಯಲ್ಲಿ ಸಿಕ್ಕ ದೇವಾಲಯಗಳಿಗೆ ನಮಿಸುತ್ತ ಒಬ್ಬನೇ ಉಡುಪಿಯ ಅನಂತೇಶ್ವರನ ಗುಡಿಯವರೆಗೆ ನಡೆದುಹೋದನು. ತಂದೆಯು ಕಂಡಕಂಡವರನ್ನು ಕೇಳುತ್ತ ಹುಡುಕಿ ಬಂದು, ಮಗನನ್ನು ಕಂಡಾಗ ಸಂತೋಷದಿಂದ ಕಣ್ಣೀರಿಟ್ಟರಂತೆ. ಈ ಮಗನು ಒಂದು ದಿನ ನಿಜವಾಗಿಯೂ ಹೊರಟುಹೋಗಬಹುದೆಂಬ ಅಂಜಿಕೆಯು ಅಂದೇ ಆ ಹೃದಯದಲ್ಲಿ ಬೇರೂರಿತೆಂದು ಊಹಿಸಿದರೆ ತಪ್ಪಾಗಲಾರದು.

ವಾಸುದೇವನಿಗೆ ಮೊದಲ ಗುರುಗಳು ತಂದೆಯೇ. ಅಕ್ಷರಾಭ್ಯಾಸದ ಎರಡನೆಯ ದಿನವೇ, ನಿನ್ನೆ ಬರೆದುಕೊಟ್ಟುದನ್ನೇ ಇಂದೂ ಏಕೆ ಬರೆಯುತ್ತೀರೆಂದು ಮಗನು ಕೇಳಿದನು. ದೃಷ್ಟಿತಾಗೀತೆಂದು ಹೆದರಿದ ಭಟ್ಟರು ಏಕಾಂತದಲ್ಲಿ ಕುಳ್ಳಿರಿಸಿ ಪಾಠಹೇಳತೊಡಗಿದರು. ಒಮ್ಮೆ ತಂದೆಯು ಸಭೆಯಲ್ಲಿ ಪುರಾಣ ಹೇಳುತ್ತ, ಮರಗಳ ಹೆಸರುಗಳನ್ನು ವಿವರಿಸುವಾಗ ಲಿಕುಚವೆಂಬ ಒಂದು ಪದದ ಅರ್ಥವನ್ನು ಬಿಟ್ಟು ಮುಂದೆ ಸಾಗಿದರು. ಮಗನು ಅದನ್ನು ಎತ್ತಿ ಕೇಳಿದನು. ಸಭೆಯೆಲ್ಲ ಬೆರಗಾಯಿತು. ಎಲ್ಲರೆದುರು ತಪ್ಪನ್ನು ತೋರಿಸಿದ ಮಗನ ಮೇಲೆ ಭಟ್ಟರು ಮುನಿಯಲಿಲ್ಲ. ಸಂತೋಷಪಟ್ಟರು. ಇಂತಹ ತಂದೆಯ ವಿಷಯದಲ್ಲಿ ನಮಗೆ ಗೌರವ ಹೆಚ್ಚುತ್ತದೆ.

ಉಪನಯನವಾದ ಬಳಿಕ ತೋಟಂತಿಲ್ಲಾಯರ ಮನೆತನದ ಉಪಾಧ್ಯಾಯರಲ್ಲಿ ಗುರುಕುಲವಾಸ. ಅಲ್ಲಿ ವಾಸುದೇವನ ವಿದ್ಯಾರ್ಥಿಜೀವನವು ಇಂದಿನ ಅನೇಕ ಅಧ್ಯಾಪಕರಿಗೂ ಪಾಲಕರಿಗೂ ತಲೆನೋವು ತರುವಂತಹುದೇ ಆಗಿತ್ತು. ಓಟ, ನೆಗೆತ, ಕುಸ್ತಿ, ಈಜು, ಭಾರವೆತ್ತುವುದು ಇವುಗಳಲ್ಲಿ ಅವನಿಗೆ ಸರಿಸಾಟಿಯಿರಲಿಲ್ಲ. ಗೆಳೆಯರು ಭೀಮನೆಂದೇ ಕರೆದರು. ಪುಸ್ತಕ ಹಿಡಿದು ಕುಳಿತುದು ಯಾರ ಕಣ್ಣಿಗೂ ಬೀಳದು. ಇವನು ಕೆಡುತ್ತಾನೆಂದು ಬಗೆದ ಉಪಾಧ್ಯಾಯರು ಒಮ್ಮೆ ಎಲ್ಲರೆದುರು ಗದರಿಸಿದರು. ಆಗ ವಾಸುದೇವನು ಅಂದಿನ ಪಾಠವನ್ನಷ್ಟೇ ಅಲ್ಲ, ಅದರ ಮುಂದಿನ ಭಾಗವನ್ನೂ ಸ್ವರ, ವರ್ಣ ತಪ್ಪದಂತೆ ಹೇಳಿದನು. ಕಾಡಿಗೆ ಹೋದಾಗ ಗುರುಪುತ್ರನಿಗೆ ಬಂದ ತಲೆನೋವನ್ನು ಕಿವಿಯಲ್ಲಿ ಊದಿ ಕಳೆದನೆಂಬ ಕಥೆಯೂ ಈ ಕಾಲದ್ದೇ. ವಿದ್ಯೆ ಮುಗಿದಾಗ ಗುರುಗಳಿಗೆ ಐತರೇಯೋಪನಿಷತ್ತಿನ ಗೂಢಾರ್ಥವನ್ನು ತಿಳಿಸಿದುದೇ ಅವನು ಸಲ್ಲಿಸಿದ ಗುರುದಕ್ಷಿಣೆಯಾಯಿತು.

ವಿದ್ಯೆ ಮುಗಿಸಿ ಮನೆಗೆ ಬಂದ ಮಗನಿಂದ ತಂದೆತಾಯಿಗಳು ಅಪೇಕ್ಷಿಸಿದುದೇನು? ವಿವಾಹ, ಗಾರ್ಹಸ್ಥ್ಯ, ವಂಶೋದ್ಧಾರ, ತಮ್ಮ ಮುಪ್ಪಿನಲ್ಲಿ ಆಸರೆ. ಇವುಗಳಲ್ಲಿ ಅನ್ಯಾಯವಾದುದು ಒಂದೂ ಇಲ್ಲ. ಮಗನ ಮನಸ್ಸಾದರೋ ಬೇರೆಡೆ ನೆಟ್ಟಿತ್ತು. ವೇದಗಳ ನಿಜವಾದ ತಾತ್ಪರ್ಯವು ಮರೆಯಾಗಿದೆ, ಅದನ್ನು ಲೋಕಕ್ಕೆ ತಿಳಿಸಬೇಕು, ಅದಕ್ಕೆ ಸರ್ವಸಂಗಪರಿತ್ಯಾಗವೇ ದಾರಿ ಎಂಬ ನಿಶ್ಚಯ. ವಾಸುದೇವನು ಉಡುಪಿಗೆ ಬಂದು ಅಚ್ಯುತಪ್ರೇಕ್ಷರೆಂಬ ಯತಿಗಳನ್ನು ಆಶ್ರಯಿಸಿದನು. ಈ ಯತಿಗಳಿಗೂ ಅವರ ಗುರುಗಳು ಅಂತ್ಯಕಾಲದಲ್ಲಿ, ತಾವು ಹೇಳುತ್ತ ಬಂದ ಐಕ್ಯವು ತಮ್ಮ ಅನುಭವಕ್ಕೆ ಬಂದಿಲ್ಲವೆಂದು ತಿಳಿಸಿ ಹರಿಯನ್ನೇ ಸೇವಿಸುವಂತೆ ಆದೇಶಿಸಿದ್ದರು. ತನಗೆ ತತ್ತ್ವವನ್ನು ತಿಳಿಸುವ ಶಿಷ್ಯನಿಗಾಗಿ ಕಾದಿದ್ದ ಗುರುವಿಗೂ, ಗುರುವನ್ನರಸಿ ಬಂದ ಶಿಷ್ಯನಿಗೂ ಹೀಗೆ ಸಮಾಗಮವಾಯಿತು.

ಸುದ್ದಿ ಪಾಜಕಕ್ಕೆ ಮುಟ್ಟಿತು. ತಂದೆ ಓಡಿ ಬಂದರು. ಮುದಿ ತಂದೆತಾಯಿಗಳನ್ನು ಬಿಟ್ಟುಹೋಗಬೇಡವೆಂದು ಬಗೆಬಗೆಯಾಗಿ ಬೇಡಿದರು. ಮಗನು ಕದಲದಿರಲು, ಎಲ್ಲವನ್ನೂ ಮರೆತು ಮಗನ ಕಾಲಿಗೆರಗಿ ನಮಸ್ಕರಿಸಿಬಿಟ್ಟರು. ಹಿರಿಯರು ಕಿರಿಯರಿಗೆ ನಮಸ್ಕರಿಸುವ ಪದ್ಧತಿ ಲೋಕದಲ್ಲಿಲ್ಲ, ಯತಿಗೆ ಮಾತ್ರ ಹಾಗೆ ನಮಸ್ಕರಿಸುವುದುಂಟು, ಆದುದರಿಂದ ತಾನು ಯತಿಯಾಗಲು ಭಗವಂತನೇ ತಮ್ಮ ಮೂಲಕ ಅನುಮತಿ ಕೊಟ್ಟಂತಾಯಿತೆಂದು ವಾಸುದೇವನು ಉತ್ತರಿಸಿದನು. ತರ್ಕಕ್ಕೆ ತರ್ಕ ಸರಿಯೇ. ತರ್ಕದಿಂದ ತಂದೆಯ ದುಃಖವು ಇಳಿಯಲಿಲ್ಲ. ಅಚ್ಯುತಪ್ರೇಕ್ಷರಲ್ಲಿಯೂ ಮೊರೆಯಿಟ್ಟು ಅವರು ಬರಿಗೈಯಲ್ಲಿ ಮನೆಗೆ ಮರಳಿದರು. ಮನೆಯಲ್ಲಿ ಗಂಡಹೆಂಡಿರಿಗೆ ಒಂದೊಂದು ದಿನವೂ ಒಂದೊಂದು ಯುಗವಾಯಿತು.

ಭಟ್ಟರು ಎರಡನೆಯ ಬಾರಿ ಹೊರಟರು. ಆಗ ಗುರುಶಿಷ್ಯರು ದಕ್ಷಿಣದ ಕಡೆಯ ಮಠದಲ್ಲಿದ್ದರು. ಭಟ್ಟರು ನೇತ್ರಾವತಿಯನ್ನು ದಾಟಿ ಅಲ್ಲಿಗೆ ಹೋದರು. ಈ ಬಾರಿ ಬೇಡಿಕೆಯ ಜೊತೆಗೆ ಬೆದರಿಕೆಯೂ ಇತ್ತು: ಮಗನು ಕೌಪೀನ ಧರಿಸಿದರೆ ತಾನು ಪ್ರಾಣತ್ಯಾಗ ಮಾಡುವುದಾಗಿ. ವಾಸುದೇವನು ಆ ಕ್ಷಣವೇ ಉಟ್ಟ ಬಟ್ಟೆಯನ್ನು ಹರಿದು ಕೌಪೀನವಾಗಿ ಧರಿಸಿ ನಿಂತನು. ತಂದೆಯ ಬೆದರಿಕೆ ಅಲ್ಲಿಗೆ ನಿಂತುಹೋಯಿತು. ಬೆದರಿಕೆಯ ಕೆಳಗೆ ಅಡಗಿದ್ದ ನಿಜವಾದ ಮಾತು ಆಗ ಹೊರಬಂದಿತು. ಹಿಂದೆ ಇಬ್ಬರು ಮಕ್ಕಳು ಹೋದರು, ಈಗ ನೀನೊಬ್ಬನೇ, ನೀನೂ ಹೋದರೆ ನಮ್ಮನ್ನು ನೋಡಿಕೊಳ್ಳುವವರು ಯಾರು ಎಂಬುದೇ ಆ ಮಾತು.

ಈ ಕಥೆಯ ತಿರುವು ಇಲ್ಲಿದೆಯೆಂದು ನಮ್ಮ ಭಾವನೆ. ಅಪ್ಪಣೆ ಕೇಳಿದಾಗ ತರ್ಕದಿಂದ, ಬೆದರಿಕೆ ಬಂದಾಗ ಅಂಜದ ನಡತೆಯಿಂದ ಉತ್ತರಿಸಿದ ಮಗನು, ಈ ಮೂರನೆಯ ಮಾತನ್ನು ಮಾತ್ರ ತಳ್ಳಿಹಾಕಲಿಲ್ಲ. ಅದು ನ್ಯಾಯವಾದ ಪ್ರಶ್ನೆಯೆಂದು ಒಪ್ಪಿಕೊಂಡನು. ವೈರಾಗ್ಯ ಹುಟ್ಟಿದ ದಿನವೇ ಸಂನ್ಯಾಸ ಸ್ವೀಕರಿಸಬೇಕೆಂಬುದು ಶಾಸ್ತ್ರಜ್ಞರ ಮತ. ಆದರೂ, ನಿಮ್ಮನ್ನು ಸಲಹುವ ಇನ್ನೊಬ್ಬ ಮಗನು ಹುಟ್ಟುವವರೆಗೆ ತಾನು ಸಂನ್ಯಾಸವನ್ನು ಸ್ವೀಕರಿಸುವುದಿಲ್ಲವೆಂದು ವಾಸುದೇವನು ಮಾತು ಕೊಟ್ಟನು. ತಾಯಿಯೂ ಒಪ್ಪಿದರೆ ತನ್ನ ಅಡ್ಡಿಯಿಲ್ಲವೆಂದು ತಂದೆ ಹೇಳಿ ಮನೆಗೆ ಹಿಂತಿರುಗಿದರು.

ಒಮ್ಮೆ ಯೋಚಿಸಬೇಕು. ನಮ್ಮ ಸಿದ್ಧಾಂತದಂತೆ ಅವರು ಮುಖ್ಯಪ್ರಾಣನ ತೃತೀಯಾವತಾರ. ಅವರು ಯಾರ ಅನುಮತಿಗೂ ಕಾಯಬೇಕಾದವರಲ್ಲ. ಶಾಸ್ತ್ರವೂ ಅವರ ಪರವಾಗಿಯೇ ಇತ್ತು. ರಾತ್ರಿ ಎದ್ದು ಹೊರಟಿದ್ದರೆ ತಡೆಯುವವರು ಯಾರೂ ಇರಲಿಲ್ಲ. ಹಾಗಿದ್ದರೂ ಅವರು ಮುಂದಿಟ್ಟ ಹೆಜ್ಜೆಯನ್ನು ಹಿಂತೆಗೆಯದೆಯೇ ಕಾದು ನಿಂತರು. ಗುರಿಯನ್ನು ಬಿಡಲಿಲ್ಲ, ಮುಚ್ಚಿಡಲೂ ಇಲ್ಲ. ಕಾಲವನ್ನು ಮಾತ್ರ ತಂದೆತಾಯಿಗಳಿಗೆ ಬಿಟ್ಟುಕೊಟ್ಟರು. ಅಂತಹವರೇ ಕಾದರೆಂದ ಮೇಲೆ ನಮ್ಮಂತಹ ಸಾಮಾನ್ಯರ ಮಕ್ಕಳು ಕಾಯುವುದರಲ್ಲಿ ಮಾನಹಾನಿಯೇನಿದೆ?

ಕೆಲಕಾಲದಲ್ಲಿ ಪಾಜಕದ ಮನೆಯಲ್ಲಿ ಇನ್ನೊಬ್ಬ ಮಗ ಹುಟ್ಟಿದನು. ವಾಸುದೇವನು ಮನೆಗೆ ಬಂದು ತಾಯಿಯೆದುರು ನಿಂತನು. ಮುಂದೆಯೂ ತನ್ನನ್ನು ಕಾಣಬೇಕೆಂಬ ಇಚ್ಛೆಯಿದ್ದರೆ ಸಂತೋಷದಿಂದ ಅನುಮತಿಸಬೇಕು, ಇಲ್ಲವಾದರೆ ತಾನು ಈ ದೇಶವನ್ನೇ ಬಿಟ್ಟು ಹೋಗುವೆನು, ಮತ್ತೆ ತನ್ನ ದರ್ಶನವಾಗದು ಎಂದು ತಿಳಿಸಿದನು. ಮೇಲ್ನೋಟಕ್ಕೆ ಇದು ಕಠಿನವಾದ ಮಾತು. ಇದರ ಒಳಗೆ ಇನ್ನೊಂದು ಭಾವವೂ ಇದೆ. ಅನುಮತಿಸಿ ಕಳುಹಿಸಿದ ಮಗನು ಕಣ್ಣಿಗೆ ಕಾಣುತ್ತಲೇ ಇರುತ್ತಾನೆ. ಒಲ್ಲೆನೆಂದು ಕಟ್ಟಿಹಾಕಿದ ಮಗನು ದೂರವಾಗುತ್ತಾನೆ. ತಾಯಿಗೆ ಅನುಮತಿಯೂ ಮರಣಸಮಾನ, ಮಗನನ್ನು ಕಾಣದಿರುವುದೂ ಮರಣಸಮಾನ. ಆ ಸಂಕಟದಲ್ಲಿ ಆಕೆಯು ಹೇಗೋ ಮನಸ್ಸನ್ನು ಗಟ್ಟಿಮಾಡಿಕೊಂಡು ಒಪ್ಪಿದಳು. ನಗುನಗುತ್ತ ಕಳುಹಿಸಿದಳೆಂದು ಕವಿಯು ಬರೆಯಲಿಲ್ಲ. ಆ ಪ್ರಾಮಾಣಿಕತೆಗಾಗಿ ಕವಿಗೆ ನಾವು ಕೃತಜ್ಞರು. ಮಕ್ಕಳ ಹಾದಿಗೆ ಒಪ್ಪುವ ತಂದೆತಾಯಿಗಳಿಗೆ ದುಃಖವಾಗಬಾರದೆಂಬ ನಿಯಮವಿಲ್ಲ. ದುಃಖದೊಡನೆಯೇ ಒಪ್ಪಿದರೂ ಅದು ಒಪ್ಪಿಗೆಯೇ.

ಹೀಗೆ ತಂದೆತಾಯಿಗಳಿಬ್ಬರ ಸಮ್ಮತಿಯನ್ನು ಪಡೆದ ಬಳಿಕ ವಾಸುದೇವನು ಅಚ್ಯುತಪ್ರೇಕ್ಷರಿಂದ ಪರಮಹಂಸದೀಕ್ಷೆಯನ್ನು ಸ್ವೀಕರಿಸಿ ಪೂರ್ಣಪ್ರಜ್ಞನಾದನು. ಗುರುಗಳು ಅವರಿಗೆ ಇಷ್ಟಸಿದ್ಧಿಯೆಂಬ ಅದ್ವೈತಗ್ರಂಥವನ್ನು ಪಾಠಹೇಳತೊಡಗಿದಾಗ, ಪೂರ್ಣಪ್ರಜ್ಞರು ಅದರ ಮೊದಲನೆಯ ಪದ್ಯದಲ್ಲಿಯೇ 32 ದೋಷಗಳನ್ನು ತೋರಿಸಿದರು. ಇಲ್ಲಿಯೂ ಹಿರಿಯರ ಅಪೇಕ್ಷೆ ಒಂದು, ಕಿರಿಯರ ನಿಲುವು ಒಂದು. ತಂದೆಯ ಮುಂದೆ ಹೇಗೋ ಗುರುವಿನ ಮುಂದೆಯೂ ಹಾಗೆಯೇ, ಭಿನ್ನಾಭಿಪ್ರಾಯವನ್ನು ಮರೆಮಾಚದೆ ಎದುರಿಗೆ ಕುಳಿತು, ವಿನಯದಿಂದ ಅವರು ತಿಳಿಸಿದರು. ಗುರುಗಳು ಕ್ರಮೇಣ ಶಿಷ್ಯರ ಸಿದ್ಧಾಂತವನ್ನೇ ಅಂಗೀಕರಿಸಿದರು.

ಮುಂದಿನ ಚರಿತೆಯು ಜಗತ್ಪ್ರಸಿದ್ಧ. ವೇದಾಂತಪೀಠದಲ್ಲಿ ಅಭಿಷಿಕ್ತರಾಗಿ ಆನಂದತೀರ್ಥರೆನಿಸಿದ ಆಚಾರ್ಯರು ರಾಮೇಶ್ವರದವರೆಗೆ ದಕ್ಷಿಣದೇಶವನ್ನು ಸಂಚರಿಸಿದರು. ಗೀತಾಭಾಷ್ಯವನ್ನು ರಚಿಸಿ ಬದರಿಗೆ ಹೋಗಿ ವೇದವ್ಯಾಸದೇವರಿಗೆ ಅರ್ಪಿಸಿದರು. ಮರಳಿ ಬಂದು ಬ್ರಹ್ಮಸೂತ್ರಭಾಷ್ಯವನ್ನು ಅನುಗ್ರಹಿಸಿದರು. ಶೋಭನಭಟ್ಟರೆಂಬ ಮಹಾವಿದ್ವಾಂಸರು ಶಿಷ್ಯರಾಗಿ ಪದ್ಮನಾಭತೀರ್ಥರಾದರು. ಇಂದಿನ ಕಾಸರಗೋಡಿನ ಪ್ರಾಂತದಲ್ಲಿ, ಕುಂಬಳೆಯ ಜಯಸಿಂಹರಾಜನ ಕಾಲದಲ್ಲಿ ತ್ರಿವಿಕ್ರಮಪಂಡಿತಾಚಾರ್ಯರು ದೀರ್ಘವಾದವನ್ನು ನಡೆಸಿ ಕೊನೆಗೆ ಶರಣಾದರು. 37 ಗ್ರಂಥಗಳ ಸರ್ವಮೂಲವು ಲೋಕಕ್ಕೆ ದೊರೆಯಿತು. ಉಡುಪಿಯಲ್ಲಿ ಶ್ರೀಕೃಷ್ಣನ ಪ್ರತಿಷ್ಠೆಯೂ ಅಷ್ಟಮಠಗಳ ಪರಂಪರೆಯೂ ನೆಲೆಗೊಂಡವು. 1317ನೆಯ ಇಸವಿಯ ಮಾಘ ಶುದ್ಧ ನವಮಿಯಂದು, ತಮ್ಮ 79ನೆಯ ವಯಸ್ಸಿನಲ್ಲಿ, ಶಿಷ್ಯರಿಗೆ ಪಾಠ ಹೇಳುತ್ತಿದ್ದ ಆಚಾರ್ಯರು ಅದೃಶ್ಯರಾಗಿ ಬದರಿಗೆ ತೆರಳಿದರೆಂದು ಸಂಪ್ರದಾಯವು ನಂಬುತ್ತದೆ.

ಗುಜರಾತಿನಲ್ಲಿ ನೆಲೆಸಿದ ನಮಗೆ ಇಲ್ಲಿ ಒಂದು ವಿಶೇಷವಾದ ಸಂಬಂಧವೂ ಉಂಟು. ದ್ವಾರಕೆಯಿಂದ ಹೊರಟ ಹಡಗೊಂದು ಮಲ್ಪೆಯ ಬಳಿ ಬಿರುಗಾಳಿಗೆ ಸಿಲುಕಿದಾಗ ಆಚಾರ್ಯರು ಅದನ್ನು ದಡಸೇರಿಸಿದರೆಂದೂ, ಹಡಗಿನವನು ಕೊಟ್ಟ ಗೋಪೀಚಂದನದ ಗಡ್ಡೆಯಲ್ಲಿ ಶ್ರೀಕೃಷ್ಣನ ಪ್ರತಿಮೆ ದೊರೆಯಿತೆಂದೂ ನಮ್ಮ ಪರಂಪರೆ ಹೇಳುತ್ತದೆ. ದ್ವಾರಕೆಯ ಸಮೀಪದ ಗೋಪಿತಲಾವಿನ ಮಣ್ಣೇ ಇಂದಿಗೂ ನಮ್ಮ ಹಣೆಯ ಮೇಲಿನ ಗೋಪೀಚಂದನ. ತವರನ್ನು ಬಿಟ್ಟು ಸಮುದ್ರದ ದಾರಿಯಲ್ಲಿ ಹೊರಟ ದೇವರು ಮತ್ತೊಂದು ನಾಡಿನಲ್ಲಿ ನಿಂತು ಆ ನಾಡನ್ನೇ ಪಾವನಗೊಳಿಸಿದನು. ಮಕ್ಕಳು ನಾವು ಗೊತ್ತುಮಾಡಿದ ಊರನ್ನೇ ಸೇರಬೇಕೆಂಬ ಹಟ ನಮಗೆ ಹತ್ತಿದಾಗ ಈ ಕಥೆ ನೆನಪಾಗಬೇಕು.

ಆ ಕಿರಿಯ ಮಗನ ಕಥೆಯು ಇನ್ನೂ ಉಳಿದಿದೆ. ತಂದೆತಾಯಿಗಳು ಸ್ವರ್ಗಸ್ಥರಾದ ಬಳಿಕ ಆತನೂ ಬಂದು ಅಣ್ಣನಿಂದಲೇ ಸಂನ್ಯಾಸವನ್ನು ಸ್ವೀಕರಿಸಿ ವಿಷ್ಣುತೀರ್ಥರಾದನು. ಸೋದೆಮಠದ ಪರಂಪರೆಯು ಅವರಿಂದಲೇ ಪ್ರಾರಂಭವಾಗುತ್ತದೆ. ಕ್ರಮವನ್ನು ಗಮನಿಸಬೇಕು. ವೈರಾಗ್ಯವು ಇಬ್ಬರಲ್ಲಿಯೂ ಇತ್ತು. ಒಬ್ಬನು ಮನೆಗೆ ಆಸರೆ ದೊರೆತ ಮೇಲೆ ಹೊರಟನು. ಆ ಆಸರೆಯಾದವನು ತನ್ನ ಕರ್ತವ್ಯವು ಮುಗಿದ ಮೇಲೆ ಹೊರಟನು. ಪಿತೃಋಣವನ್ನು ಇಬ್ಬರೂ ಉಳಿಸಿಕೊಳ್ಳಲಿಲ್ಲ.

ನಮ್ಮ ಪರಂಪರೆಯಲ್ಲಿಯೇ ಇಂತಹ ಇನ್ನೊಬ್ಬ ತಂದೆಯೂ ಇದ್ದಾರೆ. ಕುದುರೆಯ ಮೇಲೆ ಕುಳಿತೇ ನದಿಯ ನೀರಿಗೆ ಬಾಯಿಯೊಡ್ಡಿ ಕುಡಿದ ಶ್ರೀಮಂತ ತರುಣ ಧೋಂಡೋಪಂತನನ್ನು ಅಕ್ಷೋಭ್ಯತೀರ್ಥರು ಶಿಷ್ಯನನ್ನಾಗಿ ಸ್ವೀಕರಿಸಿದಾಗ, ಆತನ ತಂದೆಯು ಸಿಟ್ಟಿನಿಂದ ಮಗನನ್ನು ಮನೆಗೆ ಎಳೆದೊಯ್ದು ಸಂಸಾರದಲ್ಲಿ ಕಟ್ಟಲು ನೋಡಿದರೆಂಬುದು ಪ್ರಸಿದ್ಧ. ಕೊನೆಗೆ ಮಗನ ನಿಜಸ್ವರೂಪವನ್ನು ಕಂಡು ತಾವೇ ಗುರುಗಳಿಗೊಪ್ಪಿಸಿದರು. ಆ ತಂದೆ ಅಂದು ಕೈಬಿಡದಿದ್ದರೆ ಜಯತೀರ್ಥರಿಲ್ಲ, ನ್ಯಾಯಸುಧೆಯಿಲ್ಲ. ಮಧ್ಯಗೇಹಭಟ್ಟರು ಕೈಬಿಡದಿದ್ದರೆ ನಾವು ಯಾರೂ ಇಲ್ಲ.

ಈ ಮಾತಿಗೆ ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿಯೇ ಆಧಾರವಿದೆ. ಪಂಚಭೇದಗಳಲ್ಲಿ ಜೀವ ಜೀವರೊಳಗಣ ಭೇದವೂ ಒಂದು. ಪ್ರತಿಯೊಬ್ಬ ಜೀವನಿಗೂ ಅನಾದಿಯಾದ ಸ್ವರೂಪಯೋಗ್ಯತೆ ಬೇರೆಬೇರೆ. ತಂದೆತಾಯಿಗಳು ಕೊಡುವುದು ದೇಹವನ್ನು, ಅನ್ನವನ್ನು, ಸಂಸ್ಕಾರವನ್ನು. ಯೋಗ್ಯತೆಯನ್ನು ಅವರು ಕೊಟ್ಟಿಲ್ಲ. ಆದುದರಿಂದ ಅದನ್ನು ಬದಲಾಯಿಸಲೂ ಅವರಿಂದಾಗದು. ಈ ಭೇದವನ್ನು ಪ್ರವಚನದಲ್ಲಿ ತಲೆದೂಗಿ ಕೇಳಿ, ಮನೆಗೆ ಹೋಗಿ ಮಗನು ನಮ್ಮ ಪಡಿಯಚ್ಚಾಗಲೆಂದು ಹಟಹಿಡಿದರೆ ಮನೆಯಲ್ಲಿ ನಾವು ಅಭೇದವಾದಿಗಳಾದಂತೆಯೇ ಸರಿ! ಅದೇ ಸಿದ್ಧಾಂತವು ಮಕ್ಕಳಿಗೂ ಒಂದು ಮಾತನ್ನು ಹೇಳುತ್ತದೆ. ಗೆಳೆಯನೊಬ್ಬನು ಹೋದನೆಂದು ಹುಟ್ಟುವ ಬಯಕೆಯೂ, ಒಂದು ವರ್ಷದಲ್ಲಿ ಆರುವ ಉತ್ಸಾಹವೂ ಯೋಗ್ಯತೆಯಲ್ಲ. ಕಾದರೆ ಕರಗದೆ ಉಳಿದುದೇ ನಿಜವಾದ ಒಲವು. ವಾಸುದೇವನ ನಿಶ್ಚಯವು ತಮ್ಮನು ಹುಟ್ಟುವವರೆಗೆ ಕಾದಿತು, ಕುಗ್ಗಲಿಲ್ಲ.

ಪ್ರಸಂಗವಶಾತ್ ನಮ್ಮ ವಿಷಯವಾಗಿಯೂ ಒಂದು ಮಾತನ್ನು ಹೇಳಬೇಕಾಗಿದೆ. ನಮ್ಮ ತೀರ್ಥರೂಪರಿಗೆ ನಾವು ಸರಕಾರೀ ನೌಕರಿಯನ್ನು ಹಿಡಿಯಬೇಕೆಂಬ ಆಸೆ. ನಮಗೆ ಸಂಸ್ಕೃತವನ್ನು ಶಾಸ್ತ್ರೀಯವಾಗಿ ಅಭ್ಯಾಸಮಾಡುವ ಆಸೆ. ನಾವು ರೈಲ್ವೆಯನ್ನು ಸೇರಿದೆವು. ಮೂವತ್ತಕ್ಕೂ ಹೆಚ್ಚು ವರ್ಷ ಗಾಡಿಗಳ ವೇಳಾಪಟ್ಟಿಯ ನಡುವೆ ಬೆಳಗಿನ ಒಂದು ಗಂಟೆಯನ್ನು ಕದ್ದು ವ್ಯಾಕರಣ ವೇದಾಂತಗಳನ್ನು ಓದಿದೆವು. ಆ ಅನ್ನದ ಋಣವನ್ನು ಮರೆತಿಲ್ಲ. ಆದರೆ ಬಹುಕಾಲ ನಾವು ಮನಸ್ಸಿನಲ್ಲಿ ತಂದೆಯವರು ಬಿಡಲಿಲ್ಲವೆಂದು ಹೇಳಿಕೊಳ್ಳುತ್ತಿದ್ದೆವು. ಅವರು ಕಾಲವಾದ ಅನೇಕ ವರ್ಷಗಳ ಮೇಲೆ ಈ ನಾಲ್ಕನೆಯ ಸರ್ಗವನ್ನು ಪಾಠಹೇಳುತ್ತಿದ್ದಾಗ ಒಮ್ಮೆಗೇ ಹೊಳೆಯಿತು: ನಾವು ಅವರನ್ನು ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದರೋ, ಪಾಜಕದ ತಂದೆಯಂತೆ ಕೊನೆಗೆ ಒಪ್ಪುತ್ತಿದ್ದರೋ, ಈಗ ತಿಳಿಯುವ ದಾರಿಯಿಲ್ಲ. ಬಾಯಿ ಬಿಟ್ಟು ಕೇಳದೆ ಶರಣಾಗುವುದನ್ನು ನಾವು ಪಿತೃಭಕ್ತಿಯೆಂದು ಕರೆದುಕೊಂಡಿದ್ದೆವು. ಅದರಲ್ಲಿ ಭಯದ ಪಾಲು ಹೆಚ್ಚಾಗಿತ್ತು.

ಆ ಗೃಹಸ್ಥರೂ ಅವರ ಮಗನೂ ಒಂದು ಏಕಾದಶಿಯ ಮರುದಿನ, ದ್ವಾದಶಿಯ ಪಾರಣೆಗೆ, ಜೊತೆಯಾಗಿಯೇ ಮಠಕ್ಕೆ ಬಂದರು. ಹುಡುಗನು ಬಚ್ಚಿಟ್ಟಿದ್ದ ಅರ್ಜಿಯನ್ನು ತಾನೇ ತಂದೆಯ ಮುಂದಿಟ್ಟು, ತಿಳಿಸದೆ ಮಾಡಿದುದಕ್ಕೆ ಕ್ಷಮೆ ಬೇಡಿದನಂತೆ. ತಂದೆಯು ಸಿಟ್ಟಾಗದೆ, ಮನೆಯ ಸಾಲವೆಷ್ಟು, ತಂಗಿಯ ವಿದ್ಯೆಗೆ ಬೇಕಾದುದೆಷ್ಟು, ತಮ್ಮ ನೌಕರಿ ಇನ್ನೆಷ್ಟು ವರ್ಷವೆಂಬುದನ್ನು ಮೊದಲ ಬಾರಿಗೆ ಮಗನೆದುರು ಬಿಚ್ಚಿ ಹೇಳಿದರಂತೆ. ಒಪ್ಪಿದಿರಾ ಎಂದು ನಾವು ಕೇಳಲಿಲ್ಲ. ಯಾರ ಭಯವೇನೆಂಬುದು ಯಾರಿಗೂ ತಿಳಿಯದಿದ್ದ ಮನೆಯಲ್ಲಿ ಅದು ತಿಳಿದಿತ್ತು. ನೇತ್ರಾವತಿಯ ಆಚೆಯ ಮಠದಲ್ಲಿ ಬೆದರಿಕೆ ಸುಮ್ಮನಾಗಿ ನಿಜವಾದ ಮಾತು ಹೊರಬಂದ ಕ್ಷಣವೂ ಅಂತಹುದೇ ಅಲ್ಲವೇ? ಅಲ್ಲಿಂದ ಮುಂದಿನದನ್ನು ಅವರಿಬ್ಬರೇ ನಿರ್ಣಯಿಸಬೇಕು, ನಡೆಸುವವನು ಹರಿ.

ಸಜ್ಜನರಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ. ಮಕ್ಕಳು ಬಯಸಿದುದನ್ನು ಕದ್ದು ಮಾಡದಿರಲಿ, ಕೇಳದೆ ತೊರೆಯದಿರಲಿ; ಎದುರಿಗೆ ನಿಂತು ಕೇಳಲಿ, ತಮ್ಮ ನಿರ್ಗಮನದಿಂದ ಬರಿದಾಗುವ ಸ್ಥಾನವನ್ನು ತುಂಬುವ ಉಪಾಯವನ್ನೂ ತಾವೇ ಹೇಳಲಿ, ಕಾಯುವುದನ್ನು ಕಲಿಯಲಿ. ತಂದೆತಾಯಿಗಳು ತಮ್ಮ ಭಯವನ್ನು ಬೆದರಿಕೆಯ ವೇಷದಲ್ಲಿ ತೋರದೆ ಭಯವೆಂದೇ ಹೇಳಲಿ. ಒಪ್ಪುವ ಕಾಲ ಬಂದಾಗ, ಕಣ್ಣೀರಿನೊಡನೆಯಾದರೂ ಸರಿ, ಒಪ್ಪಲಿ. 12 ವರ್ಷ ಹರಿಯನ್ನು ಬೇಡಿ ಪಡೆದ ಮಗನನ್ನು ಹರಿಗೇ ಒಪ್ಪಿಸಿದ ಆ ದಂಪತಿಗಳನ್ನೂ, ಅವರ ಅನುಮತಿಯಿಲ್ಲದೆ ಹೆಜ್ಜೆಯಿಡದ ಆ ಮಹಾಮಹಿಮರನ್ನೂ ಒಟ್ಟಿಗೆ ಸ್ಮರಿಸೋಣ.

ಶ್ರೀಕೃಷ್ಣಾರ್ಪಣಮಸ್ತು